ಹನ್ನೆರಡು ಹದಿನಾಲ್ಕರ ಮನೆ: ಕಂತು ಮೂರು, ಖಾಲಿ ತಟ್ಟೆ

"ಟೀಚರ್, ಹತ್ತು ಗಂಟೆಗೆ ಈ ತಟ್ಟೆಯಲ್ಲಿ ಎಷ್ಟಿತ್ತು?"

"ಒಂದು ತುಂಡು. ಕೊನೇದು."

"ಅದನ್ನ ಯಾರು ತಿಂದ್ರು?"

"ಅದೇ ಗೊತ್ತಾಗ್ತಿಲ್ಲ ಆರ್ವಿಡ್. ಅದರಲ್ಲಿ ಅರ್ಧ ನಾನು ಕುಯ್ಕೊಂಡೆ. ಆಮೇಲೆ ಪಾದ್ರಿಗಳ ಹೆಂಡತಿ ಬಂದು ಉಳಿದಿದ್ದರಲ್ಲಿ ಅರ್ಧ ತಗೊಂಡ್ಲು. ಆಮೇಲೆ ಕುರಿ ಉಣ್ಣೆ ಕತ್ತರಿಸೋನು ಬಂದ. ಅವನೂ ಉಳಿದಿದ್ದರಲ್ಲಿ ಅರ್ಧ ತಗೊಂಡ."

"ಅಂದ್ರೆ ಎಂಟರಲ್ಲೊಂದು ಭಾಗ ಉಳೀಬೇಕು."

"ಉಳೀಬೇಕಿತ್ತು," ಎಂದರು ಹುಲ್ಡಾ ನೈಗಾರ್ಡ್, ಸತ್ತವರ ಬಗ್ಗೆ ಹೇಳುವ ದನಿಯಲ್ಲಿ.

ಪೊಲೀಸ್ ಡೆಪ್ಯುಟಿ ಆರ್ವಿಡ್ ಸ್ಟೀನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ತಟ್ಟೆಯನ್ನು ಮತ್ತೊಮ್ಮೆ ನೋಡಿದ. ನೀಲಿ ಅಂಚಿನ ತಟ್ಟೆ ಬೆಳಗುತ್ತಿತ್ತು. ಬರ್ಫಿಯಂತೆ ಕುಯ್ದ ಸಿಹಿತಿಂಡಿಯಾದ ನಿಂಬೆಹಣ್ಣಿನ ಬಾರ್‌ನ ಒಂದು ಪುಡಿಯೂ ಅದರಲ್ಲಿ ಉಳಿದಿರಲಿಲ್ಲ. ಯಾರೋ ಬೆರಳಿನಿಂದ ಒರೆಸಿ ನೆಕ್ಕಿದ್ದರು.

ಮಿನೆಸೋಟದ ಆ ಕೌಂಟಿಯಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತಿನ್ನುವುದಿಲ್ಲ. ನಾರ್ವೆಯಿಂದ ಹಡಗು ಹತ್ತಿ ಬಂದ ಮುತ್ತಜ್ಜಿಯರ ಕಾಲದಿಂದ ನಡೆದು ಬಂದದ್ದು ಇದು. ಅರ್ಧ ಮಾಡುತ್ತಾರೆ, ಅದರಲ್ಲರ್ಧ ಮಾಡುತ್ತಾರೆ, ಕನ್ನಡಕ ಹಾಕಿಕೊಂಡು ಮತ್ತೂ ಅರ್ಧ ಮಾಡುತ್ತಾರೆ. ಪೂರ್ತಿ ತೆಗೆದುಕೊಂಡು ಆಸೆಬುರುಕರೆನ್ನಿಸಿಕೊಳ್ಳುವುದಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಹಾಗೆ ಉಳಿದ ಒಂದು ತುಣುಕು ಒಂಬತ್ತು ದಿನ ಇತ್ತು. ಕೊನೆಗೆ ಇರುವೆಗಳು ಹೊತ್ತುಕೊಂಡು ಹೋದಾಗ ಎಲ್ಲರಿಗೂ ಸಮಾಧಾನವಾಯಿತು.

"ಟೀಚರ್," ಎಂದ ಆರ್ವಿಡ್. "ಇದನ್ನ ತಿಂದವರು ನಮ್ಮೋರಲ್ಲ."

ತಟ್ಟೆಯನ್ನು ಸಾಕ್ಷಿಯೆಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದ.

"ಅದು ನಮ್ಮತ್ತೆಯ ತಟ್ಟೆ. ಕೇಸು ಮುಗಿದ ಮೇಲೆ ತೊಳೆದು ತಂದ್ಕೊಡು," ಎಂದರು ಹುಲ್ಡಾ.

ಕದ್ದದ್ದು ನಿಂಬೆ ಬಾರ್ ಅಲ್ಲ ಅನ್ನುವುದು ಬೇರೆ ಮಾತು. ಆ ಬೆಳಿಗ್ಗೆ ಎಲ್ಲರೂ ಕೊಟ್ಟಿಗೆಯಲ್ಲಿ ಕುರಿ ಉಣ್ಣೆ ಕತ್ತರಿಸುವ ಪ್ರದರ್ಶನ ನೋಡುತ್ತಿದ್ದ ಒಂದು ಗಂಟೆಯಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಲೋಕೆನ್ ಹೊಲಮನೆಯ ಮುಂದಿನ ಕೋಣೆಯ ಬೀರುವಿನಿಂದ ಹನ್ನೆರಡು ಹದಿನಾಲ್ಕರ ಮನೆ ಕಾಣೆಯಾಗಿತ್ತು.

ಅದು ಮರದ ಪುಟ್ಟ ಮನೆ. ಒಂದು ಬಾಗಿಲು, ಒಂದು ಕಿಟಕಿ, ಮೇಲೊಂದು ಮಾಡು. ಆ ಹುಲ್ಲುಗಾವಲಿಗೆ ಮೊದಲು ಬಂದವರಿಗೆ ಸರ್ಕಾರ ನೂರರವತ್ತು ಎಕರೆ ಬಿಟ್ಟಿ ಕೊಡುತ್ತಿತ್ತು. ಐದು ವರ್ಷ ಇದ್ದು, ಉತ್ತು, ಮನೆ ಕಟ್ಟಿ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಭೂಕಚೇರಿಗೆ ಹೋಗಿ ಪ್ರಮಾಣ ಮಾಡಿದರೆ ಭೂಮಿ ನಿಮ್ಮದು. ಹಾಲ್ವರ್ ಲೋಕೆನ್ ಹೋಗಿ, ಬೈಬಲ್ ಮೇಲೆ ಕೈಯಿಟ್ಟು, "ನನ್ನ ಜಮೀನಿನಲ್ಲಿ ಹನ್ನೆರಡು ಹದಿನಾಲ್ಕರ ಮನೆ ಇದೆ" ಎಂದನಂತೆ. ಅಡಿಯೋ ಅಂಗುಲವೋ ಎಂದು ಗುಮಾಸ್ತ ಕೇಳಲಿಲ್ಲ, ಹಾಲ್ವರ್ ಹೇಳಲಿಲ್ಲ. ಮನೆ ಇದ್ದದ್ದು ಅಂಗುಲದಲ್ಲಿ. ನೂರು ವರ್ಷ ಯಾರಿಗೂ ಗೊತ್ತಿಲ್ಲದೆ ಇದ್ದ ಈ ಗುಟ್ಟು, ನಲವತ್ತೆರಡು ವರ್ಷದ ಹಿಂದೆ ಕಣಜದ ಅಟ್ಟದಲ್ಲಿ ಆ ಪುಟ್ಟ ಮನೆ ಸಿಕ್ಕಾಗ ಬಯಲಾಯಿತು. ಅಂದಿನಿಂದ ಹೊಲಮನೆ ಹೆಸರುವಾಸಿ. ಜನ ಬಸ್ಸು ಮಾಡಿಕೊಂಡು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕು ಹೋಗುತ್ತಾರೆ.

ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಒಂದೇ, ಹುಲ್ಡಾರ ಹತ್ತಿರ. ಮಧ್ಯಾಹ್ನ ಮೂರಕ್ಕೆ ಹೊಲಮನೆಯ ಸಮಿತಿ ಸೇರಿ ಆ ಕೀಲಿಗೊಂಚಲನ್ನು ವಾಪಸ್ ಪಡೆಯುವುದೆಂದು ಆಗಲೇ ಮಾತಾಗಿತ್ತು. ಗೊಂಚಲು ಹೋದರೆ ಹೊಲಮನೆಯೂ ಹೋಯಿತು, ಅಡುಗೆಮನೆಯ ಹಿಂದಿನ ಅವರ ಕೋಣೆಯೂ ಹೋಯಿತು. ನಲವತ್ತೆರಡು ವರ್ಷ ಹಳೇ ಕಾಲದ ಲಂಗ ತೊಟ್ಟು, ಬೆಣ್ಣೆ ಕಡೆದು ತೋರಿಸುತ್ತ ಬಂದ ಹೆಂಗಸು. ಆರ್ವಿಡ್‌ಗೆ ಭಾನುವಾರದ ಪಾಠಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಕಲಿಸಿದವರು. 'ಕದಿಯಬಾರದು' ಅನ್ನುವುದನ್ನು ಅವನು ಕಲಿತದ್ದೇ ಅವರಿಂದ. ಈಗ ಅವರನ್ನೇ ಕಳ್ಳಿ ಎನ್ನಲು ಹೊರಟಿದ್ದರು.

"ಕೀಲಿ ಎಲ್ಲಿತ್ತು ಟೀಚರ್?"

"ಬಿಳಿ ಏಪ್ರನ್ ಜೇಬಲ್ಲಿ. ಉಣ್ಣೆ ಜಿಡ್ಡಾಗತ್ತೆ ಅಂತ ಅದನ್ನ ಬಿಚ್ಚಿ, ಗೋಣಿ ಏಪ್ರನ್ ಕಟ್ಕೊಂಡು ಹೋದೆ. ಬಿಳೀದು ಇಲ್ಲೇ, ಈ ಗೂಟದಲ್ಲೇ ಇತ್ತು. ಬಂದು ನೋಡಿದ್ರೆ ಕೀಲಿ ಜೇಬಲ್ಲೇ ಇದೆ."

"ಅಂದ್ರೆ ಇಲ್ಲಿ ಬಂದು ಕೀಲಿ ತಗೊಂಡು, ಕೆಲಸ ಮುಗಿಸಿ, ವಾಪಸ್ ಇಟ್ಟು, ಹೋಗ್ತಾ ಬಾರ್ ತಿಂದಿದಾರೆ."

"ಕಳ್ಳತನ ಮಾಡ್ಲಿ, ಪರವಾಗಿಲ್ಲ. ಕೊನೇ ತುಂಡು ತಿನ್ನೋದು ಅಂದ್ರೆ..." ಹುಲ್ಡಾ ತಲೆಯಾಡಿಸಿದರು.

ಸಂದರ್ಶಕರ ಪುಸ್ತಕದಲ್ಲಿ ಇಪ್ಪತ್ತಾರು ಹೆಸರಿದ್ದವು. ಇಪ್ಪತ್ತೈದು ಆರ್ವಿಡ್‌ನ ನೆಂಟರವು. ಇಪ್ಪತ್ತಾರನೆಯದು ಲುಡ್ಮಿಲಾ ಹಾವ್ಲಿಕ್, ಹೊಳೆಯಾಚೆ ಬೊಹೀಮಿಯದಿಂದ ಬಂದು ನೆಲೆಸಿದವರ ಊರಿನವಳು.

ಲುಡ್ಮಿಲಾ ನೀರಿನ ಪಂಪಿನ ಪಕ್ಕದ ಬೆಂಚಿನ ಮೇಲೆ ಕೂತು, ತನ್ನ ಚೀಲದಿಂದಲೇ ಪ್ಲಮ್ ಹಣ್ಣು ತುಂಬಿದ ಬನ್ನು ತೆಗೆದು ತಿನ್ನುತ್ತಿದ್ದಳು. ಅರವತ್ತರ ಗಟ್ಟಿಮುಟ್ಟಾದ ಹೆಂಗಸು. ಆರ್ವಿಡ್ ಗಂಟಲು ಸರಿಮಾಡಿಕೊಂಡ.

"ನಮಸ್ಕಾರ. ಇವತ್ತು ಗಾಳಿ ಸ್ವಲ್ಪ..."

"ಬಾರ್ ನಾನೇ ತಿಂದಿದ್ದು," ಎಂದಳು ಲುಡ್ಮಿಲಾ.

ಆರ್ವಿಡ್‌ಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಅವನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹವಾಮಾನದ ಮಾತು ಮುಗಿಯುವ ಮೊದಲೇ ಯಾರೂ ಏನನ್ನೂ ಒಪ್ಪಿಕೊಂಡಿರಲಿಲ್ಲ.

"ನೀವು ತಟ್ಟೆ ಚೀಲದಲ್ಲಿ ಹಾಕ್ಕೊಂಡು ಓಡಾಡ್ತಿರೋದು ಕಂಡೆ, ಸಾಹೇಬ್ರೇ. ನನ್ನ ಉಗುರಿನಷ್ಟಿತ್ತು. ಅಷ್ಟಗಲ ತಟ್ಟೆಯಲ್ಲಿ ಒಂಟಿಯಾಗಿ ಕೂತಿತ್ತು ಪಾಪ. ನಮ್ಮ ಕಡೆ ತಟ್ಟೆಯಲ್ಲಿ ಬಿಟ್ರೆ, ಮಾಡಿದೋಳಿಗೆ ಅವಮಾನ."

"ಅಡುಗೆಮನೆಗೆ ಯಾಕೆ ಹೋಗಿದ್ರಿ?"

"ಕುರಿ ನೋಡೋಕೆ ಟಿಕೆಟ್ ಕೊಡ್ತಾರಾ ಯಾರಾದ್ರೂ? ನಮ್ಮನೇಲೇ ಮೂವತ್ತಿವೆ. ನೀರು ಕುಡಿಯೋಕೆ ಹೋದೆ. ಅಲ್ಲಿ ಒಬ್ಬರು ಹಿರಿಯರು ಗೂಟದ ಮೇಲಿನ ಏಪ್ರನ್ ಜೇಬಲ್ಲಿ ಕೈ ಹಾಕ್ತಿದ್ರು."

"ಏನು ಮಾಡಿದ್ರಿ?"

"ಏನು ಮಾಡ್ಲಿ? ಕಟ್ಕೋತಾರೇನೋ ಅಂದ್ಕೊಂಡೆ. ಆ ವಯಸ್ಸಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸೆ."

"ಆಮೇಲೆ?"

"ಸ್ವಲ್ಪ ಹೊತ್ತಿಗೆ ಅವರೇ ಮುಂದಿನ ಕೋಣೆಯಿಂದ ಒಂದು ತೊಟ್ಟಿಲು ಹೊತ್ಕೊಂಡು, ಮೇಲೆ ಕೌದಿ ಮುಚ್ಕೊಂಡು, ಹಿಂದಿನ ಬಾಗಿಲಿಂದ ಹೊರಟ್ರು. ಬೆನ್ನು ಬಗ್ಗಿಹೋಗಿತ್ತು. ಒಂದು ಕೈ ಹಿಡೀಲಾ ಅಂದೆ. ಬೇಡ ಬೇಡ ಅಂದ್ರು. ಇನ್ನೊಂದು ಸಲ ಕೇಳಿದೆ. ಏನೂ ಬೇಡ, ಹಗುರ ಇದೆ ಅಂದ್ರು. ಸರಿ ಅಂತ ಬಿಟ್ಟೆ."

ಆರ್ವಿಡ್ ನಿಟ್ಟುಸಿರು ಬಿಟ್ಟ. ಇವಳು ಹೊರಗಿನವಳು ಅನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಎರಡು ಸಲ 'ಬೇಡ' ಅಂದರೆ ಆ ಊರಿನಲ್ಲಿ ಮೂರನೆಯ ಸಲ ಕೇಳಿ ಎಂದೇ ಅರ್ಥ.

"ಬಿಳಿ ಗಡ್ಡ ಇತ್ತಾ?"

"ಇತ್ತು. ಕೋಟಿನ ಮೇಲೆ 'ಸಮಿತಿ ಅಧ್ಯಕ್ಷರು' ಅಂತ ರಿಬ್ಬನ್ನೂ ಇತ್ತು."

ಹೊಲಮನೆಯ ಅಂಚಿನಲ್ಲಿ ಹೆಂಟೆಮನೆ ಇತ್ತು. ಮರ ಕಾಣದ ಆ ಬಯಲಿನಲ್ಲಿ ಮೊದಲು ಬಂದವರು ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ ಕಟ್ಟಿಕೊಂಡದ್ದು. ಒಳಗೆ ತಂಪು, ಕತ್ತಲು, ಮಣ್ಣಿನ ವಾಸನೆ. ಮೂಲೆಯಲ್ಲಿ ಒಲೆ, ಮಂಚ, ಮಂಚದ ಪಕ್ಕ ಓಕ್ ಮರದ ತೊಟ್ಟಿಲು. ತೊಟ್ಟಿಲಲ್ಲಿ ಕೌದಿ ಹೊದ್ದು ಮಲಗಿದ ಒಂದು ಬಟ್ಟೆಬೊಂಬೆ. ಅಲ್ಲಿಗೆ ಬಂದವರೆಲ್ಲ ಬಗ್ಗಿ ಅದರ ಕೆನ್ನೆ ಮುಟ್ಟಿ ಹೋಗಿದ್ದರು.

ಸಿವರ್ಟ್ ಲೋಕೆನ್ ತೊಟ್ಟಿಲ ಪಕ್ಕದ ಮುಕ್ಕಾಲಿ ಮಣೆಯ ಮೇಲೆ ಕೂತಿದ್ದರು. ಹಾಲ್ವರ್‌ನ ಮರಿಮಗ. ಸಮಿತಿಯ ಅಧ್ಯಕ್ಷರೂ ಅವರೇ. ವಯಸ್ಸು ಎಪ್ಪತ್ತು. ಮಗುವಿಗೆ ಜ್ವರ ಬಂದವರಂತೆ ಅಲ್ಲಿಂದ ಏಳುತ್ತಲೇ ಇರಲಿಲ್ಲ.

ಆರ್ವಿಡ್ ಎದುರಿಗೆ ನಿಂತ. 'ನೀವೇ ಕದ್ದಿರಿ' ಎಂದು ನೇರವಾಗಿ ಹೇಳುವುದು ಸಾಧ್ಯವಿರಲಿಲ್ಲ. ಹಾಗೆ ಹೇಳಿದರೆ ಮುಂದಿನ ಮೂವತ್ತು ವರ್ಷ ಚರ್ಚಿನಲ್ಲಿ ಮುಖ ತಪ್ಪಿಸಿಕೊಂಡು ಓಡಾಡಬೇಕು.

"ಗಾಳಿ ಸ್ವಲ್ಪ ಇದೆ," ಎಂದ.

"ಇದೆ," ಎಂದರು ಸಿವರ್ಟ್. "ನಿನ್ನೆಯಷ್ಟಿಲ್ಲ."

"ಮೆಕ್ಕೆಜೋಳ ಹೇಗಿದೆ ಸಿವರ್ಟ್ ಅವರೇ?"

"ಪರವಾಗಿಲ್ಲ."

ಬಂಗಾರದ ಬೆಳೆ ಬಂದರೂ ಅವರು ಹಾಗೇ ಹೇಳುತ್ತಿದ್ದರು. ಆಲಿಕಲ್ಲು ಬಿದ್ದು ನೆಲಸಮವಾಗಿದ್ದರೂ ಹಾಗೇ.

"ಸಂಜೆಗೆ ಮಳೆ ಬರಬಹುದು."

"ಬಂದ್ರೂ ಬರಬಹುದು. ಬರದೇನೂ ಇರಬಹುದು."

ಹೀಗೆ ಹದಿನೈದು ನಿಮಿಷ ಹೋಯಿತು. ಮೋಡ, ಟ್ರ್ಯಾಕ್ಟರು, ಪಾದ್ರಿಗಳ ಮಂಡಿನೋವು, ಎಲ್ಲವೂ ಮುಗಿದವು. ಆರ್ವಿಡ್ ಗಡಿಯಾರ ನೋಡಿಕೊಂಡ. ಎರಡೂಕಾಲು. ಮೂರಕ್ಕೆ ಹುಲ್ಡಾರ ಕೀಲಿ ಹೋಗುತ್ತದೆ. ಬೆವರು ಒರೆಸಿಕೊಂಡು, ತನ್ನ ಜೀವನದಲ್ಲೇ ಅತ್ಯಂತ ಒರಟಾದ ಮಾತನ್ನು ಆಡಿದ.

"ತೊಟ್ಟಿಲು ಭಾರ ಇತ್ತಂತೆ."

ಸಿವರ್ಟ್ ಗಡ್ಡ ಸವರಿಕೊಳ್ಳುವುದನ್ನು ನಿಲ್ಲಿಸಿದರು.

"ಯಾರಂದ್ರು?"

"ಕೈ ಹಿಡೀಲಾ ಅಂತ ಕೇಳಿದವರು."

"ಎರಡೇ ಸಲ ಕೇಳಿದ್ಲು ಆಯಮ್ಮ," ಎಂದರು ಸಿವರ್ಟ್. ಬೆಳಗ್ಗಿನಿಂದ ಒಳಗೆ ಕುದಿಯುತ್ತಿದ್ದದ್ದು ಒಮ್ಮೆಗೇ ಉಕ್ಕಿ ಬಂತು. "ಎರಡೇ ಸಲ. ಹೇಳು ನೀನೇ, ಅದೊಂದು ಕೇಳೋ ರೀತೀನಾ? ಮೂರನೇ ಸಲ ಕೇಳಿದ್ರೆ ಒಪ್ಕೋತಿದ್ದೆ. ಸೊಂಟ ಹಿಡ್ಕೊಂಡು ಏಳೋಕಾಗ್ತಿಲ್ಲ ಕಣೋ. ಹನ್ನೊಂದು ಗಂಟೆಯಿಂದ ಇಲ್ಲೇ ಕೂತಿದೀನಿ."

ಆರ್ವಿಡ್ ಬಗ್ಗಿ ಬೊಂಬೆಯನ್ನು ಎತ್ತಿದ. ಕೌದಿಯ ಕೆಳಗೆ ಹನ್ನೆರಡು ಹದಿನಾಲ್ಕರ ಮನೆ ತಣ್ಣಗೆ ಕೂತಿತ್ತು. ಮಾಡಿನ ಒಂದು ಮೂಲೆ ಮಾತ್ರ ಕಿತ್ತು ಬಂದಿತ್ತು.

"ಯಾಕೆ ಸಿವರ್ಟ್ ಅವರೇ?"

"ನಾಳೆ ರಾಜಧಾನಿಯಿಂದ ಬಂದು ಕಂಚಿನ ಫಲಕ ಕೊಡ್ತಾರಲ್ಲ. ಅದರಲ್ಲಿ ಏನು ಬರೆದಿದಾರೆ ಗೊತ್ತಾ? ಗುರುವಾರ ಕಳಿಸಿದ್ರು. ಐದು ಸಾಲು. ಮೂರು ಸಾಲು ಅಂಗುಲದ್ದೇ." ಸಿವರ್ಟರ ದನಿ ಸಣ್ಣದಾಯಿತು. "ನಮ್ಮ ಮುತ್ತಾತ ಹನ್ನೊಂದು ಚಳಿಗಾಲ ಈ ಮಣ್ಣಿನ ಗೂಡಲ್ಲಿ ಕಳೆದ. ಮಿಡತೆ ಬಂದು ಪೈರು ತಿಂದು, ಬೇಲಿ ಮೇಲಿದ್ದ ಅಂಗೀನೂ ತಿಂತು. ಇಬ್ಬರು ಮಕ್ಕಳು ತೀರಿಹೋದ್ರು. ಅದ್ಯಾವುದೂ ಫಲಕದಲ್ಲಿಲ್ಲ. ನನ್ನನ್ನ ಇಪ್ಪತ್ತೆಂಟನೇ ವಯಸ್ಸಿಂದ ಅಂಗುಲದ ಸಿವರ್ಟ್ ಅಂತಾರೆ. ಬಾಯಿಮಾತಲ್ಲಿ ಇದ್ದರೆ ನನ್ನ ಜೊತೆ ಮುಗೀತಿತ್ತು. ಕಂಚಲ್ಲಿ ಬರೆದ್ರೆ ಮುಗಿಯುತ್ತಾ?"

"ಮನೆ ಇಲ್ಲದಿದ್ರೆ ಸಾಲು ತೆಗೀತಾರೆ ಅಂದ್ಕೊಂಡ್ರಾ?"

"ಹೂಂ."

"ಹುಲ್ಡಾ ಟೀಚರ್ ಕೀಲಿ ಹೋಗತ್ತಲ್ಲ, ಅದು?"

ಸಿವರ್ಟ್ ನೆಲ ನೋಡಿದರು. "ಬಿಟ್ಟುಬಿಡೋಣ ಅಂತ, ಸಮಿತಿಯವರು ಇಲ್ಲಿಗೆ ಬಂದಾಗ ಹೇಳಿದೆ."

"ಎಷ್ಟು ಸಲ ಹೇಳಿದ್ರಿ?"

"ಒಂದ್ಸಲ."

ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಆರ್ವಿಡ್‌ಗೆ ಬೇಕಿರಲಿಲ್ಲ. ಒಂದು ಕಂಕುಳಲ್ಲಿ ಪುಟ್ಟ ಮನೆ, ಇನ್ನೊಂದು ಕೈಯಲ್ಲಿ ಸಿವರ್ಟರ ರಟ್ಟೆ ಹಿಡಿದು, ಅಂಗಳ ದಾಟಿ ಅಡುಗೆಮನೆಗೆ ನಡೆಸಿಕೊಂಡು ಬಂದ. ಎದೆ ಉಬ್ಬಿತ್ತು. ಟೀಚರ ಕೀಲಿ ಉಳಿಯಿತು, ಹೊಲಮನೆ ಉಳಿಯಿತು. ಒಂದು ನಿಂಬೆ ಬಾರ್‌ನ ಹಾದಿ ಹಿಡಿದು ಕಳ್ಳನನ್ನು ಹಿಡಿದ ಡೆಪ್ಯುಟಿ ಇಡೀ ಮಿನೆಸೋಟದಲ್ಲಿ ತಾನೊಬ್ಬನೇ ಇರಬೇಕೆಂದು ಅವನಿಗೆ ಅನ್ನಿಸಿತು.

ಹುಲ್ಡಾ ಬೆಣ್ಣೆ ಕಡೆಯುತ್ತಿದ್ದರು. ಪುಟ್ಟ ಮನೆಯನ್ನು ಮೇಜಿನ ಮೇಲೆ ಇಟ್ಟಾಗ ಅವರ ಕೈ ನಿಂತಿತು. ಖುಷಿಯಾಗಬೇಕಿತ್ತು. ಆದರೆ ಅವರ ಕಣ್ಣು ಕಿತ್ತುಬಂದ ಮಾಡಿನ ಮೂಲೆಯ ಮೇಲೆಯೇ ಇತ್ತು.

"ಸಿಕ್ತು ಟೀಚರ್," ಎಂದ ಆರ್ವಿಡ್.

"ಬೀರುನಲ್ಲಿಟ್ಟು ಬೀಗ ಹಾಕು. ಈಗಲೇ."

"ಒಂದು ನಿಮಿಷ. ವರದಿ ಬರೀಬೇಕಲ್ಲ. ವಸ್ತುವಿನ ಉದ್ದ, ಅಗಲ, ಗುರುತು."

ಆರ್ವಿಡ್ ಅಳತೆಪಟ್ಟಿ ಬಿಚ್ಚಿದ. ಹದಿನಾಲ್ಕು ಅಂಗುಲ. ಹನ್ನೆರಡು ಅಂಗುಲ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಗುರುತು ಹುಡುಕಲೆಂದು ಸಡಿಲವಾದ ಮಾಡಿನ ಹಲಗೆಯನ್ನು ಬೆರಳಿನಿಂದ ಎತ್ತಿದ. ಹಲಗೆಯ ಒಳಮೈಯಲ್ಲಿ ನೇರಳೆ ಬಣ್ಣದ ಒಂದು ಮುದ್ರೆಯಿತ್ತು. ಪೇಟೆಯ ಮರದಂಗಡಿಯ ಮುದ್ರೆ. ಅದರ ಕೆಳಗೆ ಏಳು ಅಂಕಿ.

ಮೂವರೂ ಆ ಅಂಕಿಗಳನ್ನು ಓದಿದರು.

"ಇದು ಫೋನ್ ನಂಬರು," ಎಂದರು ಸಿವರ್ಟ್ ನಿಧಾನವಾಗಿ. "ನಮ್ಮ ಮುತ್ತಾತನ ಕಾಲದಲ್ಲಿ ಇಲ್ಲಿ ಫೋನ್ ಇತ್ತಾ?"

ಅಂಚೆಗೇ ಎಂಟು ಮೈಲಿ ನಡೆಯುತ್ತಿದ್ದ ಕಾಲ ಅದು. ಆರ್ವಿಡ್‌ನ ಉಬ್ಬಿದ್ದ ಎದೆ ಅಲ್ಲೇ ಕುಸಿಯಿತು. ನಲವತ್ತೆರಡು ವರ್ಷ ಜನ ದುಡ್ಡು ಕೊಟ್ಟು ನೋಡಿದ ಮನೆ ಸುಳ್ಳು. ಅದರ ಕೀಲಿ ಅಷ್ಟೂ ವರ್ಷ ಇದ್ದದ್ದು ಒಬ್ಬರ ಹತ್ತಿರ. ಟೀಚರನ್ನು ಉಳಿಸಲು ಹೋಗಿ, ಅವರ ವಿರುದ್ಧದ ಸಾಕ್ಷಿಯನ್ನು ತಾನೇ ಅಳೆದು, ಬರೆದು, ಮೇಜಿನ ಮೇಲಿಟ್ಟಿದ್ದ.

"ಹುಲ್ಡಾ," ಎಂದರು ಸಿವರ್ಟ್. "ಇದನ್ನ ನೀವು ಮಾಡಿದ್ರಾ?"

"ನನಗೆ ಮೊಳೆ ಹೊಡೆಯೋಕೆ ಬರಲ್ಲ. ನಾನು ಹೊಗೆ ಹಿಡಿಸಿ ಹಳೇದು ಮಾಡಿದೆ, ಅಷ್ಟೇ." ಹುಲ್ಡಾ ಕೈ ಒರೆಸಿಕೊಂಡರು. "ಮಾಡಿದ್ದು ನಿಮ್ಮಪ್ಪ."

"ನಮ್ಮಪ್ಪನಾ?"

"ಪೆಡರೇ. ಈ ಮೇಜಿನ ಮೇಲೇ ಕೂತು, ಎರಡು ಭಾನುವಾರದಲ್ಲಿ ಮಾಡಿ ಮುಗಿಸಿದ್ರು. ಅಟ್ಟಕ್ಕೆ ತಗೊಂಡು ಹೋಗಿಟ್ಟೋರೂ ಅವರೇ, ಮಾರನೇ ವಾರ ಸಿಕ್ತು ಅಂತ ಕೂಗಿದೋರೂ ಅವರೇ."

ಸಿವರ್ಟ್ ಕುರ್ಚಿಗಾಗಿ ಹಿಂದೆ ಕೈಯಾಡಿಸಿದರು. ಆರ್ವಿಡ್ ಕುರ್ಚಿ ಎಳೆದುಕೊಟ್ಟ. ಮುದುಕ ಪೆಡರ್ ಲೋಕೆನ್ ಅವನಿಗೂ ನೆನಪಿದ್ದರು. ಪುಟ್ಟ ಮನೆ ಸಿಕ್ಕ ಮೇಲೆ ಅವರು ಚರ್ಚಿನ ಮೊದಲ ಸಾಲು ಬಿಟ್ಟು, ಸಾಯುವ ತನಕ ಕೊನೆಯ ಸಾಲಿನಲ್ಲೇ ಕೂರುತ್ತಿದ್ದರು.

"ತನ್ನ ಅಜ್ಜನ ಮೇಲೆ ತಾನೇ ಯಾರಾದ್ರೂ ಮಸಿ ಬಳೀತಾರಾ?" ಎಂದರು ಸಿವರ್ಟ್. "ಜನ ನಕ್ಕಿದ್ದು ಅಪ್ಪನ ಮುಖದ ಮೇಲೇ. ನಾನು ನೋಡಿದೀನಿ."

"ನಗಲಿ ಅಂತಾನೇ ಮಾಡಿದ್ದು. ಆ ವರ್ಷ ವಿಶ್ವವಿದ್ಯಾಲಯದೋರು ಬಂದಿದ್ರು, ಹಾಲ್ವರ್ ಕಟ್ಟಿದ ಮನೆ ಇದ್ದ ನೆಲ ಅಗೆದು ನೋಡ್ತೀವಿ ಅಂತ. ಪೆಡರ್ ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ. ಆಮೇಲೆ ಇದನ್ನ ಮಾಡಿದ್ರು. ಬಂದೋರು ಇದನ್ನ ನೋಡಿ, ಅಂಗುಲದ ಮನೆಗೆ ನೆಲ ಅಗೆಯೋದೇನು ಅಂತ ನಕ್ಕು, ಫೋಟೋ ತೆಗೆದು, ಬರಕೊಂಡು ಹೋದ್ರು. ಗುದ್ದಲಿ ಗಾಡಿಯಿಂದ ಇಳೀಲೇ ಇಲ್ಲ."

"ಏನಿತ್ತು ನೆಲದಲ್ಲಿ?" ಆರ್ವಿಡ್ ಕೇಳಿದ.

"ನಾನು ಕೇಳಲಿಲ್ಲ. ಜಾಗ ತೋರಿಸಿದ್ರು. ಅಲ್ಲಿ ಯಾರ ಗುದ್ದಲಿಯೂ ಬೀಳಬಾರದು ಹುಲ್ಡಾ, ಅದಕ್ಕೇ ನಿನಗೆ ಕೀಲಿ ಕೊಡ್ತಿದೀನಿ ಅಂದ್ರು." ಹುಲ್ಡಾ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ನೀವೆಲ್ಲ ನಾನು ಈ ಪುಟ್ಟ ಮನೆ ಕಾಯ್ತಿದೀನಿ ಅಂದ್ಕೊಂಡ್ರಿ."

ಹೊಲಮನೆಯ ಹಿಂಭಾಗದಲ್ಲಿ ಯಾವುದೋ ಯಂತ್ರ ಗುರುಗುಟ್ಟತೊಡಗಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು.

"ಅದೇನು ಸದ್ದು?" ಎಂದರು ಹುಲ್ಡಾ.

"ಫಲಕದ ಕಲ್ಲಿಗೆ ಗುಂಡಿ," ಎಂದರು ಸಿವರ್ಟ್. "ನಾಳೆಗೆ ನಿಲ್ಲಿಸಬೇಕಲ್ಲ. ಎರಡೂವರೆಗೆ ಬನ್ನಿ ಅಂದಿದ್ದೆ."

"ಎಲ್ಲಿ?"

"ಹೆಂಟೆಮನೆ ಹಿಂದೆ. ಪ್ಲಮ್ ಗಿಡಗಳ ಹತ್ತಿರ."

"ಪೆಡರ್ ತೋರಿಸಿದ್ದು ಅದೇ ಜಾಗ," ಎಂದರು ಹುಲ್ಡಾ. ಅವರು ಜೇಬಿನಿಂದ ಕೀಲಿಗೊಂಚಲು ತೆಗೆದರು. ಬೆಳಗ್ಗಿನಿಂದ ಅದು ಕೈತಪ್ಪೀತೆಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದವರು ಈಗ ಅದನ್ನು ಮೇಜಿನ ಮೇಲೆ ಸಿವರ್ಟರ ಕಡೆಗೆ ಜೋರಾಗಿ ತಳ್ಳಿದರು.

"ತಗೋ ಸಿವರ್ಟ್. ಕೀಲಿ ತಗೋ, ಕೋಣೆ ತಗೋ, ನನ್ನನ್ನ ಜೈಲಿಗೆ ಹಾಕಿಸು. ಮೊದಲು ಹೋಗಿ ಅದನ್ನ ನಿಲ್ಲಿಸು."

ಸಿವರ್ಟ್ ಸೊಂಟ ಹಿಡಿದುಕೊಂಡು ಅರ್ಧ ಎದ್ದರು. ಆರ್ವಿಡ್ ಬಾಗಿಲಿಗೆ ಓಡಿದ.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಯಂತ್ರ ತಾನಾಗಿಯೇ ನಿಂತಿತು. ಹೆಂಟೆಮನೆಯ ಆಚೆ, ಬುಡಸಮೇತ ಮಗುಚಿಬಿದ್ದ ಪ್ಲಮ್ ಗಿಡದ ಪಕ್ಕ, ಯಂತ್ರದವನು ಕೆಳಗಿಳಿದು ಗುಂಡಿಯ ಅಂಚಿನಲ್ಲಿ ನಿಂತಿದ್ದ. ಸಮಾಧಿಯ ಮುಂದೆ ನಿಂತವರ ಹಾಗೆ ಅವನು ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ.